ಗೇಣು

ಆ ಶನಿವಾರ ಹಾಸನದ ಹೈಸ್ಕೂಲು ಹಾಲಿನಲ್ಲಿ
ಬೆಂಚುಗಳನ್ನು ಹಿಂದಕ್ಕೆ ತಳ್ಳಿ, ಕಿಟಕಿಗೆಲ್ಲ ಕಂಬಳಿ ಹೊದಿಸಿ
ಪಾಂಡುರಂಗ ಶೆಟ್ಟರು ತರಿಸಿದ್ದರು
ಜಪಾನಿನ ಒಂದು ಕತ್ತಿಯ ಚಿತ್ರ.
ಕಪ್ಪುಬಿಳುಪು. ಕೆಳಗೆ ಓಡುವ ಇಂಗ್ಲಿಷು.
ಕನ್ನಡದಲ್ಲಿ ಹೇಳಿಕೊಂಡು ಹೋಗಲು ನಾನು,
ಪರದೆಯ ಪಕ್ಕ, ಕೈಯಲ್ಲೊಂದು ಬೆತ್ತ,
ಎಂಟನೇ ಕ್ಲಾಸಿಗೆ ಭೂಪಟ ತೋರಿಸುವ ಬೆತ್ತವೇ.

ಮೊದಮೊದಲು ಸುಲಭವಿತ್ತು.
'ಮಳೆ ಬರುವ ಹಾಗಿದೆ' ಎಂದರು, ನಾನೂ ಎಂದೆ.
'ನಿನ್ನ ಒಡೆಯ ಯಾರು?' ಎಂದರು, ಅದನ್ನೂ ಎಂದೆ.
ಆಮೇಲೆ ಬಂತು, ಚಾಪೆಯ ಮೇಲೆ ಮಂಡಿಯೂರಿ
ಆಳು ಹೇಳುವ ಒಂದೇ ಒಂದು ಪದ.
ಇಂಗ್ಲಿಷಿನಲ್ಲಿ ಡ್ಯೂಟಿ ಎಂದಿತ್ತು.
ಕರ್ತವ್ಯ ಎನ್ನಬಹುದಿತ್ತು; ಬಾಯಿಗೆ ಬರಲಿಲ್ಲ.
ಹಳೇಬೀಡಿನ ಕಂಬ ನೆನಪಾಯಿತು:
ದೊರೆ ಸತ್ತ ದಿನ ತಮ್ಮ ತಲೆ ತಾವೇ ಕೊಯ್ದುಕೊಂಡವರು
ಸುತ್ತ ನಿಂತಿದ್ದಾರಲ್ಲ, ಕೈಯಲ್ಲಿ ಅಲಗು.
ಟೂರಿಗೆ ಹೋದಾಗ ಮಕ್ಕಳನ್ನು ಅಲ್ಲಿ ನಿಲ್ಲಗೊಡದೆ
ಬೇಗ ಬೇಗ ಆನೆಸಾಲಿಗೆ ದಾಟಿಸುತ್ತೇನೆ.
'ಜೋಳವಾಳಿ' ಎಂದುಬಿಟ್ಟೆ.
ಅರ್ಥವಾಗದ ಹಿಂದಿನ ಸಾಲಿಗೆ ಬಿಡಿಸಿ ಹೇಳಿದೆ:
ಉಂಡ ಅನ್ನದ ಋಣ. ಗೇಣು ಹೊಟ್ಟೆಯ ಸಾಲ,
ಹೊಟ್ಟೆಯನ್ನೇ ಬಗೆದು ತೀರಿಸಬೇಕಾದದ್ದು.

ಯಾರೋ ಕೆಮ್ಮಿದರು.
ಜವರಪ್ಪ. ಹೆಡ್ ಕಾನ್‌ಸ್ಟೇಬಲ್ಲಾಗಿ ರಿಟೈರಾದವರು.
ಬೇರೆ ಜಿಲ್ಲೆಯ ಬಂದೋಬಸ್ತಿನಲ್ಲಿ ಗುಂಡು ಹಾರಿಸಿದ ನಾಲ್ವರಲ್ಲಿ ಒಬ್ಬರು.
ಯಾರ ಗುಂಡು ಯಾರಿಗೆಂದು ವಿಚಾರಣೆಗೂ ತಿಳಿಯಲಿಲ್ಲವಂತೆ.

ಕೊನೆಯ ರೀಲು. ಗಾಳಿ, ಜೊಂಡು, ಇಬ್ಬರೇ.
ಎದುರಿನವನೂ ಒಳ್ಳೆಯವನೇ. ಅದೇ ತೊಂದರೆ.
ಎದ್ದ ಕತ್ತಿ ಎದ್ದಲ್ಲೇ
ಟರ್ರ್ ಎಂದು ರೀಲು ತುಂಡಾಯಿತು.
ಪರದೆಯ ತುಂಬ ಬರೀ ಬೆಳಕು; ಆ ಬೆಳಕಿನಲ್ಲಿ
ನಮ್ಮ ಮುಖಗಳು ನಮಗೆ ಕಂಡವು.
ಬಾಯಿ ತೆರೆದು ಕೂತಿದ್ದೆವು, ಎಲ್ಲರೂ,
ಹೊಡಿ ಹೊಡಿ ಎನ್ನುವವರ ಹಾಗೆ.
ಈ ಸೀಮೆ ಆಳಿದವರ ಹೆಸರೂ ಅದೇ ತಾನೆ: ಹೊಯ್, ಸಳ.
ಗುರು ಹೇಳಿದ, ಹುಡುಗ ಹೊಡೆದ.
ಬೇಲೂರಿನ ಬಾಗಿಲಲ್ಲಿ ಇವತ್ತಿಗೂ ಆ ಮೃಗ
ಒಮ್ಮೆ ಮುಗಿಯಲಿ ಎಂದು ಕಾಯುತ್ತಿದೆ.

ಅಮಾನುಲ್ಲಾ ಟಾರ್ಚು ಹಲ್ಲಲ್ಲಿ ಕಚ್ಚಿ
ಹರಿದಷ್ಟನ್ನು ಕತ್ತರಿಸಿ ಅಂಟಿಸಿದ.
ಮತ್ತೆ ಹೊತ್ತಿದಾಗ ಹೊಡೆತ ಇರಲಿಲ್ಲ.
ಎತ್ತಿದ ಕತ್ತಿ; ಮರುಕ್ಷಣ ನೆಲದಲ್ಲೊಂದು ಹೆಣ.
ನಡುವೆ ಯಾರೂ ಏನೂ ಮಾಡಿರಲಿಲ್ಲ.
ಕೊಂದವನು ತುಟಿ ಅಲುಗಿಸಿದ.
ಕೆಳಗೆ ಬಂತು: 'ನನಗೆ ಅಪ್ಪಣೆಯಾಗಿತ್ತು.'
ನಾನು ಹಿಂದಿನ ಸಾಲು ನೋಡಿದೆ.
'ಗಾಳಿ ನಿಂತಿತು' ಎಂದೆ.
ಸುಳ್ಳೆನ್ನಿ, ದಯೆಯೆನ್ನಿ; ಪಠ್ಯದಲ್ಲಿಲ್ಲದ್ದನ್ನು
ಅಷ್ಟು ಸಲೀಸಾಗಿ ನಾನೆಂದೂ ಪಾಠ ಮಾಡಿರಲಿಲ್ಲ.

ಎಂಟು ತಿಂಗಳಾದ ಮೇಲೆ, ಬಸ್‌ಸ್ಟ್ಯಾಂಡಿನೆದುರು ಹೋಟೆಲಿನಲ್ಲಿ
ಜವರಪ್ಪ ಪೆನ್ಷನ್ ಪುಸ್ತಕದೊಳಗಿಂದ ತೆಗೆದರು.
'ಕಸದಲ್ಲಿ ಬಿದ್ದಿತ್ತು ಮೇಷ್ಟ್ರೇ, ಎತ್ಕೊಂಡೆ.'
ಟ್ಯೂಬ್‌ಲೈಟಿಗೆ ಹಿಡಿದರು. ಗೇಣುದ್ದ ಫಿಲ್ಮು.
ಉಗುರಿನಷ್ಟು ಮನುಷ್ಯ, ಮತ್ತೆ ಅವನೇ, ಮತ್ತೆ ಅವನೇ,
ಪ್ರತಿ ಮನೆಯಲ್ಲೂ ಕತ್ತಿ ಒಂದು ಕೂದಲು ಕೆಳಗೆ.
'ಎಣಿಸಿದೀನಿ. ಮೂವತ್ತು. ಹನ್ನೊಂದರವರೆಗೂ
ನಿಲ್ಲಿಸಬಹುದಿತ್ತು ನೋಡಿ. ಅಲ್ಲಿಗಂಟ ಕೈ ಇವನದೇ.'
ಹನ್ನೆರಡರಿಂದ ಯಾರದು ಎಂದು ನಾನು ಕೇಳಲಿಲ್ಲ.
'ಅವತ್ತು ನೀವು ತಪ್ಪು ಹೇಳಿದ್ರಿ,' ಎಂದರು, ಕಾಫಿ ಆರಿಸುತ್ತ.
'ನಂಗೆ ಇಂಗ್ಲಿಷು ಬರಲ್ಲ. ಆದ್ರೂ ಆ ಮುಖ ಗೊತ್ತು.
ಗಾಳಿ ಬಗ್ಗೆ ಮಾತಾಡೋ ಮುಖ ಅಲ್ಲ ಅದು.'

ಬಿಲ್ಲು ಅವರೇ ಕೊಟ್ಟರು.
ಬಿಟ್ಟು ಹೋದರೋ ಮರೆತು ಹೋದರೋ,
ಲೋಟದ ಕಲೆಯ ಮೇಲೆ ಸುರುಳಿಸುತ್ತಿಕೊಂಡು ಬಿದ್ದಿತ್ತು.
ಒರೆಸಿ ತಂದು, ಎಲ್ಲರೂ ಮಲಗಿದ ಮೇಲೆ
ಬಚ್ಚಲಮನೆಯ ಬಲ್ಬಿಗೆ ಹಿಡಿದು ಎಣಿಸಿದೆ.

ನನಗೆ ಒಂಬತ್ತು ಎನಿಸಿತು.